ಕರೆಂಟ್ ಹೋದಾಗಲೂ ತಾಪಮಾನ ದಾಖಲಾಗಬೇಕು: ಪುಟ್ಟ ಮೈಕ್ರೋಕಂಟ್ರೋಲರ್ ಸರ್ಕ್ಯೂಟ್‌ಗೆ ಬ್ಯಾಕಪ್ ಹೇಗಿರಬೇಕು?

ಹಿಟ್ಟಿನಂಗಡಿ_ಪಿಂಪರಿ:

ಎಲ್ಲರಿಗೂ ನಮಸ್ಕಾರ. ಪಿಂಪರಿಯಲ್ಲಿ ನಮ್ಮ ಭಾವ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಪೊಟ್ಟಣ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ರುಬ್ಬಿದ ಹಿಟ್ಟನ್ನು ದೊಡ್ಡದೊಂದು ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತೇವೆ. ಇಲ್ಲಿ ಗುರುವಾರ ದುರಸ್ತಿ ಕೆಲಸಕ್ಕೆಂದು ಕರೆಂಟ್ ತೆಗೆಯುವುದು ರೂಢಿ. ಅದು ಮೊದಲೇ ತಿಳಿದಿರುತ್ತದೆ, ಮಂಜುಗಡ್ಡೆ ತಂದಿಟ್ಟುಕೊಳ್ಳಬಹುದು. ಕಾಟ ಕೊಡುವುದು ಮಳೆಗಾಲದ ರಾತ್ರಿಗಳು. ನಡುರಾತ್ರಿ ಹೋದ ಕರೆಂಟ್ ಬೆಳಗಿನ ಜಾವಕ್ಕೆ ಬಂದಿರುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಫ್ರಿಜ್ ಮತ್ತೆ ತಣ್ಣಗಾಗಿರುತ್ತದೆ, ಹಿಟ್ಟು ಮಾತ್ರ ಹುಳಿಯಾಗಿರುತ್ತದೆ. ಒಳಗೆ ಎಷ್ಟು ಹೊತ್ತು, ಎಷ್ಟು ಡಿಗ್ರಿ ಏರಿತ್ತು ಎಂದು ಹೇಳುವವರಿಲ್ಲ.

ಅದಕ್ಕಾಗಿ ಆರ್ಡುಯಿನೊ ಯುನೊ ಎಂಬ ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಬೋರ್ಡ್, ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್, ಡಿಎಸ್3231 ಗಡಿಯಾರದ ಮಾಡ್ಯೂಲ್, ಎಸ್‌ಡಿ ಕಾರ್ಡ್, ಎರಡು ಸಾಲಿನ ಡಿಸ್‌ಪ್ಲೇ, ಬಜರ್ ಸೇರಿಸಿ ಒಂದು ಪೆಟ್ಟಿಗೆ ಮಾಡಿದ್ದೇನೆ. ಐದು ನಿಮಿಷಕ್ಕೊಮ್ಮೆ ತಾಪಮಾನ ಬರೆದಿಡುತ್ತದೆ. ಶಕ್ತಿ ಮೊಬೈಲ್ ಚಾರ್ಜರ್‌ನ 5 ವೋಲ್ಟ್. ಕರೆಂಟ್ ಹೋದಾಗ ಇದೂ ಹೋಗುತ್ತದೆ, ದಾಖಲೆ ಬೇಕಾದ ಹೊತ್ತಿನಲ್ಲೇ ದಾಖಲೆ ಇಲ್ಲ! ಮೀಟರ್ ಹಿಡಿದು ನೋಡಿದರೆ ಒಟ್ಟು ಸುಮಾರು 100 ಮಿಲಿಆಂಪಿಯರ್ ಎಳೆಯುತ್ತದೆ. ಕನಿಷ್ಠ 8 ಗಂಟೆ ನಡೆಯಬೇಕು. ಪವರ್ ಬ್ಯಾಂಕ್, 1 ಫ್ಯಾರಡ್‌ನ ಸೂಪರ್ ಕೆಪಾಸಿಟರ್ (ಬ್ಯಾಟರಿಯಂತೆ ವಿದ್ಯುತ್ ಕೂಡಿಡುವ ಬಿಡಿಭಾಗ), ಟಿಪಿ4056 ಚಾರ್ಜರ್ ಜೊತೆ 18650 ಲಿಥಿಯಂ ಸೆಲ್, ಈ ಮೂರರಲ್ಲಿ ಯಾವುದು ಸರಿ?

ಕೊಥ್ರೂಡ್_ವಿದ್ಯಾರ್ಥಿ:

ಪವರ್ ಬ್ಯಾಂಕ್ ಸುಲಭ ಅಲ್ಲವೇ? ಚಾರ್ಜರ್‌ನಿಂದ ಪವರ್ ಬ್ಯಾಂಕ್‌ಗೆ, ಅಲ್ಲಿಂದ ಬೋರ್ಡ್‌ಗೆ. 10,000 ಮಿಲಿಆಂಪಿಯರ್ ಅವರ್ ಇದ್ದರೆ ದಿನಗಟ್ಟಲೆ ನಡೆಯುತ್ತದೆ. ಬೆಸುಗೆಯ ಕೆಲಸವೂ ಇಲ್ಲ.

ಡೊಂಬಿವಲಿ_ಬೆಸುಗೆ:

ಪವರ್ ಬ್ಯಾಂಕ್ ಮೊಬೈಲ್‌ಗಾಗಿ ಹುಟ್ಟಿದ್ದು. ಬಹಳಷ್ಟು ಪವರ್ ಬ್ಯಾಂಕ್‌ಗಳು ಒಂದೇ ಹೊತ್ತಿನಲ್ಲಿ ತಾವು ಚಾರ್ಜ್ ಆಗುತ್ತಾ ಹೊರಗೂ ಶಕ್ತಿ ಕೊಡುವುದಿಲ್ಲ. ಕೊಡುವಂಥವುಗಳಲ್ಲೂ ಚಾರ್ಜರ್ ಹೋದಾಗ ಅಥವಾ ಬಂದಾಗ ಹೊರಗಿನ 5 ವೋಲ್ಟ್ ಅರೆಕ್ಷಣ ಕಡಿದುಹೋಗುವುದು ಸಾಮಾನ್ಯ. ಫೋನಿಗೆ ಅದು ಲೆಕ್ಕಕ್ಕಿಲ್ಲ, ಮೈಕ್ರೋಕಂಟ್ರೋಲರ್‌ಗೆ ಅದೇ ರೀಸೆಟ್. ಇನ್ನು ಎಳೆತ ಕಡಿಮೆಯಾದರೆ ಫೋನ್ ತುಂಬಿತೆಂದು ತಿಳಿದು ತಾನೇ ಮಲಗಿಬಿಡುತ್ತದೆ.

ಸೂಪರ್ ಕೆಪಾಸಿಟರ್ ಲೆಕ್ಕ ಹಾಕೋಣ. ಸಮಯ ಅಂದರೆ ಫ್ಯಾರಡ್ ಗುಣಿಸು ವೋಲ್ಟೇಜ್ ಇಳಿಕೆ, ಭಾಗಿಸು ಆಂಪಿಯರ್. 5 ವೋಲ್ಟ್‌ನಿಂದ 4.3ಕ್ಕೆ ಇಳಿಯುವವರೆಗೆ, 100 ಮಿಲಿಆಂಪಿಯರ್‌ನಲ್ಲಿ, 1 ಫ್ಯಾರಡ್ ಕೊಡುವುದು 7 ಸೆಕೆಂಡ್. ಅದೂ ಸಿಗುವುದಿಲ್ಲ. ನಾಣ್ಯದ ಆಕಾರದ 5.5 ವೋಲ್ಟ್ ಬಗೆಗೆ ಒಳಗಿನ ರೋಧ 30 ಓಮ್ ಅಥವಾ ಇನ್ನೂ ಹೆಚ್ಚು ಇರುತ್ತದೆ. 100 ಮಿಲಿಆಂಪಿಯರ್ ಎಳೆದ ತಕ್ಷಣ 3 ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ. ತೊಟ್ಟಿ ದೊಡ್ಡದು, ನಲ್ಲಿಯ ತೂತು ಮಾತ್ರ ಸೂಜಿಮೊನೆಯಷ್ಟು.

ಟಿಪಿ4056 ಒಳ್ಳೆಯ ಚಿಪ್, ಆದರೆ ಅಗ್ಗದ ಮಾಡ್ಯೂಲ್‌ನಲ್ಲಿ ಲೋಡ್‌ಗೆ, ಅಂದರೆ ಶಕ್ತಿ ಎಳೆಯುವ ಸರ್ಕ್ಯೂಟ್‌ಗೆ, ಬೇರೆ ದಾರಿ ಇಲ್ಲ, ಸೆಲ್‌ನ ತಲೆಯ ಮೇಲೇ ಲೋಡ್ ಕೂರುತ್ತದೆ. 1 ಆಂಪಿಯರ್‌ಗೆ ಹೊಂದಿಸಿದ ಚಾರ್ಜರ್, ಪ್ರವಾಹ ಹತ್ತರಲ್ಲೊಂದಕ್ಕೆ ಅಂದರೆ 100 ಮಿಲಿಆಂಪಿಯರ್‌ಗೆ ಇಳಿದಾಗ ‘ತುಂಬಿತು’ ಎಂದು ನಿಲ್ಲುತ್ತದೆ. ನಿಮ್ಮ ಬೋರ್ಡ್ ಒಂದೇ ಅಷ್ಟು ಎಳೆಯುತ್ತಿದೆ. ಚಾರ್ಜರ್ ನಿಲ್ಲುವುದೇ ಇಲ್ಲ, ಸೆಲ್ ವರ್ಷವಿಡೀ 4.2 ವೋಲ್ಟ್‌ನಲ್ಲೇ ಇರುತ್ತದೆ. ಫ್ರಿಜ್‌ನ ಕಂಪ್ರೆಸರ್ ಬಿಸಿ ಪಕ್ಕದಲ್ಲಿ ತುಂಬಿದ ಲಿಥಿಯಂ ಸೆಲ್ ಬೇಗ ಮುಪ್ಪಾಗುತ್ತದೆ.

ಆದ್ದರಿಂದ ಮೂರನ್ನೂ ಪಕ್ಕಕ್ಕಿಟ್ಟು ನನ್ನ ಪ್ರಶ್ನೆಗೆ ಉತ್ತರಿಸಿ. ಕರೆಂಟ್ ಇಲ್ಲದಾಗ ಈ ಪೆಟ್ಟಿಗೆಯಲ್ಲಿ ಯಾವುದೆಲ್ಲ ಜೀವಂತ ಇರಲೇಬೇಕು?

ಗ್ರಾಂಟ್‌ರೋಡ್_ಬಿಡಿಭಾಗ:

18650 ಕೊಳ್ಳುವುದಾದರೆ ಒಂದು ಎಚ್ಚರಿಕೆ. ಲ್ಯಾಮಿಂಗ್ಟನ್ ರಸ್ತೆಯಲ್ಲೂ ನಿಮ್ಮ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲೂ 9,900 ಮಿಲಿಆಂಪಿಯರ್ ಅವರ್ ಎಂದು ಮೈಮೇಲೆ ಬರೆದುಕೊಂಡ ಸೆಲ್‌ಗಳನ್ನು ನೋಡಿದ್ದೇನೆ. ಆ ಗಾತ್ರದ ಮೇಲ್ದರ್ಜೆಯ ಸೆಲ್‌ಗಳೇ 3,500ರ ಆಸುಪಾಸಿನವು. ಬರೆದದ್ದನ್ನು ನಂಬಿ ಲೆಕ್ಕ ಹಾಕಬೇಡಿ.

ಹಿಟ್ಟಿನಂಗಡಿ_ಪಿಂಪರಿ:

ಯೋಚಿಸಿದೆ. ಡಿಸ್‌ಪ್ಲೇ ಬೇಡ, ರಾತ್ರಿ ನೋಡುವವರಿಲ್ಲ. ತಾಪಮಾನ ಮತ್ತು ವೇಳೆ ಬೇಕೇ ಬೇಕು. ಬಜರ್ ಇದ್ದರೆ ಒಳ್ಳೆಯದು, ಭಾವ ಮಲಗುವುದು ಮೇಲಿನ ಕೋಣೆಯಲ್ಲಿ. ಎಸ್‌ಡಿ ಕಾರ್ಡ್ ಇಲ್ಲದಿದ್ದರೆ ಬರೆಯುವುದೆಲ್ಲಿ?

ಡೊಂಬಿವಲಿ_ಬೆಸುಗೆ:

ಮೈಕ್ರೋಕಂಟ್ರೋಲರ್‌ನ ಹೊಟ್ಟೆಯಲ್ಲೇ. ಯುನೊದ ಮುಖ್ಯ ಚಿಪ್ ಎಟಿಮೆಗಾ328ಪಿ ಒಳಗೆ 1,024 ಬೈಟ್‌ಗಳ ಇಇಪ್ರಾಮ್, ಅಂದರೆ ಶಕ್ತಿ ಹೋದರೂ ಅಳಿಯದ ಮೆಮೊರಿ, ಇದೆ. ಐದು ನಿಮಿಷಕ್ಕೊಂದು ಅಳತೆ, 8 ಗಂಟೆಗೆ 96 ಅಳತೆ, ಒಂದಕ್ಕೆ 2 ಬೈಟ್. 192 ಬೈಟ್ ಆಯಿತು. ಕರೆಂಟ್ ಹೋದ ವೇಳೆಯನ್ನು ಒಮ್ಮೆ ಬರೆದರೆ ಸಾಕು, ಉಳಿದ ವೇಳೆಗಳು ಎಣಿಕೆಯಿಂದಲೇ ಸಿಗುತ್ತವೆ. ಒಂದು ಬೈಟ್ ಬರೆಯಲು ಮೂರೂವರೆ ಮಿಲಿಸೆಕೆಂಡ್‌ಗಿಂತ ಕಡಿಮೆ ಸಾಕು, ಒಂದೊಂದು ಜಾಗವೂ 1 ಲಕ್ಷ ಬಾರಿ ಬರೆಸಿಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಇದನ್ನೆಲ್ಲ ಎಸ್‌ಡಿ ಕಾರ್ಡ್‌ಗೆ ಸುರಿಯಿರಿ.

ಬ್ಯಾಕಪ್ ವಿನ್ಯಾಸ ಎಂದರೆ ಬ್ಯಾಟರಿ ಆರಿಸುವುದು ಎಂದು ಎಲ್ಲರೂ ಹೊರಡುತ್ತಾರೆ. ನಾನು ಲೋಡ್‌ನಿಂದ ಹೊರಡುತ್ತೇನೆ. ಯುನೊ ಬೋರ್ಡ್‌ನಲ್ಲಿ ಮುಖ್ಯ ಚಿಪ್ಪನ್ನು ಮಲಗಿಸಿದರೂ ಯುಎಸ್‌ಬಿ ಚಿಪ್ ಮತ್ತು ದೀಪ ಎಚ್ಚರವಾಗಿಯೇ ಇದ್ದು ಹತ್ತಾರು ಮಿಲಿಆಂಪಿಯರ್ ತಿನ್ನುತ್ತವೆ. ಬೋರ್ಡ್ ಬಿಟ್ಟು ಬರಿಯ ಚಿಪ್ ಹಾಕಿ. 16 ಮೆಗಾಹರ್ಟ್ಸ್ ಬೇಡ, ಒಳಗಿನ 8 ಮೆಗಾಹರ್ಟ್ಸ್ ಗಡಿಯಾರ ಸಾಕು. 3.3 ವೋಲ್ಟ್‌ನಲ್ಲಿ ನಡೆಸಿ. ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ರೆಗ್ಯುಲೇಟರ್ ಆಗಿ ಎಎಂಎಸ್1117 ಬೇಡವೇ ಬೇಡ, ಏನೂ ಕೆಲಸವಿಲ್ಲದೆ ತನ್ನ ಪಾಲಿಗೇ 5 ಮಿಲಿಆಂಪಿಯರ್ ತಿನ್ನುತ್ತದೆ. ಎಂಸಿಪಿ1700 ಹಾಕಿ, ಅದಕ್ಕೆ 2 ಮೈಕ್ರೊಆಂಪಿಯರ್‌ಗಿಂತ ಕಡಿಮೆ ಸಾಕು, 250 ಮಿಲಿಆಂಪಿಯರ್‌ವರೆಗೆ ಕೊಡುತ್ತದೆ. ಅದರ ಒಳಬರುವ ವೋಲ್ಟೇಜ್ 6 ದಾಟಬಾರದು, ಅಷ್ಟು ನೆನಪಿರಲಿ.

ಐದು ನಿಮಿಷಕ್ಕೊಮ್ಮೆ ಡಿಎಸ್3231ರ ಅಲಾರಂ ಚಿಪ್ಪನ್ನು ಎಬ್ಬಿಸಲಿ. ಎದ್ದು, ಅಳೆದು, ಬರೆದು ಮಲಗಲು ಒಂದು ಸೆಕೆಂಡ್, ಆಗ 6 ಮಿಲಿಆಂಪಿಯರ್ ಎಂದುಕೊಳ್ಳಿ. 300 ಸೆಕೆಂಡ್‌ಗೆ ಹರಡಿದರೆ ಸರಾಸರಿ 20 ಮೈಕ್ರೊಆಂಪಿಯರ್. ಮಲಗಿದ ಚಿಪ್, ಸೆನ್ಸರ್, ರೆಗ್ಯುಲೇಟರ್ ಸೇರಿ ಐದಾರು. ಹೆಚ್ಚು ತಿನ್ನುವುದು ಗಡಿಯಾರವೇ, ಮುಖ್ಯ ಸಪ್ಲೈ ಮೇಲಿದ್ದಾಗ 110 ಮೈಕ್ರೊಆಂಪಿಯರ್‌ವರೆಗೆ. ಒಟ್ಟು 150 ಎಂದು ಹಿಡಿಯಿರಿ. 8 ಗಂಟೆಗೆ 1.2 ಮಿಲಿಆಂಪಿಯರ್ ಅವರ್. ಮೊದಲು ಬೇಕಾಗಿದ್ದದ್ದು 800!

ಕೊಥ್ರೂಡ್_ವಿದ್ಯಾರ್ಥಿ:

ಹಾಗಾದರೆ ಸೂಪರ್ ಕೆಪಾಸಿಟರ್ ಮತ್ತೆ ಆಟಕ್ಕೆ ಬರುತ್ತದೆ! 150 ಮೈಕ್ರೊಆಂಪಿಯರ್ 8 ಗಂಟೆ ಅಂದರೆ 4.3 ಕೂಲಂಬ್. ಚಾರ್ಜರ್‌ನ 5 ವೋಲ್ಟ್, ಹಿಮ್ಮುಖ ಹರಿವು ತಡೆಯುವ ಡಯೋಡ್ ದಾಟಿದ ಮೇಲೆ 4.7 ವೋಲ್ಟ್, ರೆಗ್ಯುಲೇಟರ್‌ಗೆ ಬೇಕಾದದ್ದು 3.5. ನಡುವಿನ 1.2 ವೋಲ್ಟ್‌ಗೆ 3.6 ಫ್ಯಾರಡ್ ಸಾಕು. 2.7 ವೋಲ್ಟ್‌ನ 10 ಫ್ಯಾರಡ್ ಎರಡನ್ನು ಸರಣಿಯಲ್ಲಿ ಇಟ್ಟರೆ 5 ಫ್ಯಾರಡ್. ಈ ಕೊಳವೆ ಆಕಾರದವುಗಳ ಒಳರೋಧವೂ ಬಹಳ ಕಡಿಮೆ. ಬ್ಯಾಟರಿ ಬದಲಿಸುವ ಗೋಜೇ ಇಲ್ಲ.

ವಾಸ್ಕೋ_ಮಳೆಗಾಲ:

ಲೆಕ್ಕ ಚೆನ್ನಾಗಿದೆ, ಆದರೆ ಎರಡನ್ನು ಸರಣಿಯಲ್ಲಿ ಇಟ್ಟಾಗ ಒಂದು 2.7 ದಾಟದಂತೆ ಸಮತೋಲನ ಮಾಡಬೇಕು. ಒಂದೊಂದಕ್ಕೂ 47 ಕಿಲೋಓಮ್ ಅಡ್ಡ ಹಾಕಿದರೆ ಅದೇ 50 ಮೈಕ್ರೊಆಂಪಿಯರ್ ತಿನ್ನುತ್ತದೆ. ಕೆಪಾಸಿಟರ್‌ನ ಸ್ವಂತ ಸೋರಿಕೆ ಮತ್ತಷ್ಟು. ಒಟ್ಟು 230ಕ್ಕೆ ಬಂದಿತು, 5.5 ಫ್ಯಾರಡ್ ಬೇಕಾಯಿತು, ನಿಮ್ಮ 5 ಸಾಲದು. ಬಿಸಿ 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಖಾಲಿ ಇರುವಾಗ 5 ಫ್ಯಾರಡ್ ಎಂದರೆ ಚಾರ್ಜರ್‌ನ ಕಣ್ಣಿಗೆ ಶಾರ್ಟ್ ಸರ್ಕ್ಯೂಟ್. 22 ಓಮ್ ರೆಸಿಸ್ಟರ್ ಮೂಲಕ ತುಂಬಿಸಬೇಕು, ಪೂರ್ತಿ ತುಂಬಲು ಸುಮಾರು 9 ನಿಮಿಷ. ಮಳೆಗಾಲದಲ್ಲಿ ಕರೆಂಟ್ ಬಂದು ಎರಡು ನಿಮಿಷಕ್ಕೆ ಮತ್ತೆ ಹೋದರೆ?

8 ಗಂಟೆ ಎಂಬ ಅಂಕಿಯನ್ನೂ ಒಮ್ಮೆ ಯೋಚಿಸಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ಮರಗಳು ತಂತಿಗಳ ಮೇಲೆ ಬಿದ್ದು ಎಷ್ಟೋ ಕಡೆ ಮಾರನೆಯ ದಿನವೂ ಕರೆಂಟ್ ಇರಲಿಲ್ಲ. 48 ಗಂಟೆಗೆ 33 ಫ್ಯಾರಡ್ ಬೇಕಾಗುತ್ತದೆ. ಅದೇ ಮೂರು ಎಎ ಅಲ್ಕಲೈನ್ ಸೆಲ್‌ಗಳಲ್ಲಿ ಸುಮಾರು 2,000 ಮಿಲಿಆಂಪಿಯರ್ ಅವರ್ ಇರುತ್ತದೆ. ಎರಡು ದಿನಕ್ಕೆ ಅದರಿಂದ ಹೋಗುವುದು ಏಳೆಂಟು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ, ಚಾರ್ಜರ್ ಬೇಡ, ಬೆಂಕಿಯ ಭಯವಿಲ್ಲ. ಇಷ್ಟು ಕಡಿಮೆ ಎಳೆತಕ್ಕೆ ನಾನು ಚಾರ್ಜ್ ಆಗದ ಸೆಲ್‌ಗಳನ್ನೇ ಆರಿಸುತ್ತೇನೆ.

ಗ್ರಾಂಟ್‌ರೋಡ್_ಬಿಡಿಭಾಗ:

ದೀರ್ಘ ಕಡಿತ ಗೋವಾದ ಹಳ್ಳಿಗಳಿಗಷ್ಟೇ ಸೇರಿದ್ದಲ್ಲ. 2020ರ ಅಕ್ಟೋಬರ್ 12ರ ಬೆಳಗ್ಗೆ ಗ್ರಿಡ್ ಕುಸಿದು ಮುಂಬೈ, ಠಾಣೆ, ನವಿ ಮುಂಬೈ ಒಟ್ಟಿಗೇ ಕರೆಂಟ್ ಕಳೆದುಕೊಂಡವು, ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ನನ್ನ ಮತವೂ ಎಎ ಸೆಲ್‌ಗೇ. ಅಲ್ಕಲೈನ್ ಸೆಲ್ ಹಳತಾದರೆ ಸೋರುತ್ತದೆ, ಸೋರುವುದು ತಾಮ್ರವನ್ನು ತಿನ್ನುವ ಕ್ಷಾರ. ಸೆಲ್‌ಗಳ ಪೆಟ್ಟಿಗೆಯನ್ನು ಬೋರ್ಡ್‌ನಿಂದ ದೂರ, ಕೆಳಗಡೆ ಇಡಿ.

ಹಿಟ್ಟಿನಂಗಡಿ_ಪಿಂಪರಿ:

ಸರಿ, ಮೂರು ಎಎ ಎಂದು ನಿರ್ಧರಿಸಿದೆ. ಚಾರ್ಜರ್‌ನಿಂದ ಒಂದು ಶಾಟ್ಕಿ ಡಯೋಡ್ (ವೋಲ್ಟೇಜ್ ಕಡಿಮೆ ಕಳೆಯುವ ಬಗೆ), ಸೆಲ್‌ಗಳಿಂದ ಒಂದು ಶಾಟ್ಕಿ ಡಯೋಡ್, ಎರಡೂ ಸೇರುವ ಕಡೆ ರೆಗ್ಯುಲೇಟರ್. ಯಾವುದರ ವೋಲ್ಟೇಜ್ ಹೆಚ್ಚೋ ಅದು ಕೊಡುತ್ತದೆ. 5 ದೊಡ್ಡದು, 4.5 ಚಿಕ್ಕದು. ಇಷ್ಟೇ ತಾನೆ?

ಡೊಂಬಿವಲಿ_ಬೆಸುಗೆ:

ಇಷ್ಟೇ ಅಲ್ಲ. ಹೊಸ ಅಲ್ಕಲೈನ್ ಸೆಲ್ 1.5 ಅಲ್ಲ, 1.6 ವೋಲ್ಟ್ ತೋರಿಸುತ್ತದೆ. ಮೂರು ಸೇರಿ 4.8. ಅಗ್ಗದ ಚಾರ್ಜರ್ ಲೋಡ್ ಬಿದ್ದಾಗ, ಉದ್ದನೆಯ ತೆಳು ಕೇಬಲ್‌ನ ತುದಿಯಲ್ಲಿ, 4.8ಕ್ಕೋ 4.7ಕ್ಕೋ ಇಳಿಯುವುದು ಮಾಮೂಲು. ಆಗ ಕರೆಂಟ್ ಇರುವಾಗಲೇ ಸೆಲ್‌ಗಳು ಸದ್ದಿಲ್ಲದೆ ಖಾಲಿಯಾಗುತ್ತವೆ. ಬೇಕಾದ ರಾತ್ರಿ ಏನೂ ಉಳಿದಿರುವುದಿಲ್ಲ.

ಸೆಲ್‌ಗಳ ದಾರಿಯಲ್ಲಿ ಡಯೋಡ್ ಬದಲು ಎಓ3401 ಎಂಬ ಪಿ-ಚಾನೆಲ್ ಮಾಸ್‌ಫೆಟ್ ಇಡಿ. ಗೇಟ್ ಎಂಬ ಕಾಲಿನ ವೋಲ್ಟೇಜ್ ನೋಡಿ, ಡ್ರೇನ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವಿನ ದಾರಿ ತೆರೆದು ಮುಚ್ಚುವ ಸ್ವಿಚ್ ಇದು. ಡ್ರೇನ್ ಸೆಲ್‌ಗಳ ಕಡೆಗೆ, ಸೋರ್ಸ್ ರೆಗ್ಯುಲೇಟರ್ ಕಡೆಗೆ, ಗೇಟ್ ಚಾರ್ಜರ್‌ನ 5 ವೋಲ್ಟ್‌ಗೆ. ಡ್ರೇನ್ ಸೋರ್ಸ್ ತಿರುಗುಮುರುಗು ಆಗದಿರಲಿ. ಚಾರ್ಜರ್ ಇದ್ದಾಗ ಗೇಟ್ ಮೇಲಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ಒಳಗಿನ ಬಾಡಿ ಡಯೋಡ್ ತೆರೆಯಲು ಸೆಲ್‌ಗಳು ಇನ್ನೂ ಅರ್ಧ ವೋಲ್ಟ್‌ಗೂ ಹೆಚ್ಚು ಮೇಲಿರಬೇಕು, ಹಾಗಾಗುವುದಿಲ್ಲ. ಚಾರ್ಜರ್ ಹೋದಾಗ ಬಾಡಿ ಡಯೋಡ್ ಮೊದಲು ಹಿಡಿದುಕೊಳ್ಳುತ್ತದೆ, ಗೇಟ್ ಇಳಿದ ಮೇಲೆ ಮಾಸ್‌ಫೆಟ್ ಪೂರ್ತಿ ತೆರೆಯುತ್ತದೆ, ವೋಲ್ಟೇಜ್ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ನಡುವೆ ತೂತು ಬೀಳದಂತೆ ರೆಗ್ಯುಲೇಟರ್ ಮುಂದೆ 470 ಮೈಕ್ರೊಫ್ಯಾರಡ್ ಇರಲಿ.

ಗೇಟ್ ಕೆಳಗಿಳಿಯಲು ನೆಲಕ್ಕೆ, ಅಂದರೆ ಸರ್ಕ್ಯೂಟ್‌ನ ಸೊನ್ನೆ ವೋಲ್ಟ್ ತಂತಿಗೆ, ಒಂದು ರೆಸಿಸ್ಟರ್ ಬೇಕು. ಅಂತರ್ಜಾಲದ ಎಷ್ಟೋ ಚಿತ್ರಗಳಲ್ಲಿ 100 ಕಿಲೋಓಮ್ ಇರುತ್ತದೆ. ನೀವು 10 ಕಿಲೋಓಮ್ ಹಾಕಿ. ಕಾರಣ, ಚಾರ್ಜರ್ ಕಡೆಯ 1ಎನ್5819 ಶಾಟ್ಕಿ ಡಯೋಡ್ ಹಿಮ್ಮುಖವಾಗಿ ಸೋರುತ್ತದೆ, ಬಿಸಿಯಾದಷ್ಟೂ ಹೆಚ್ಚು. ಸೆಲ್‌ಗಳ ವೋಲ್ಟೇಜ್ ಅದರ ಮೂಲಕ ಹಿಂದಕ್ಕೆ ಹರಿದು ಗೇಟ್‌ಗೇ ಬರುತ್ತದೆ. 30 ಮೈಕ್ರೊಆಂಪಿಯರ್ ಸೋರಿದರೆ 100 ಕಿಲೋಓಮ್ ಮೇಲೆ 3 ವೋಲ್ಟ್! ಮಾಸ್‌ಫೆಟ್ ಅರೆತೆರೆದು ನಿಲ್ಲುತ್ತದೆ, ಅದೇ ತಂತಿಯನ್ನು ನೋಡಿ ಕರೆಂಟ್ ಇದೆಯೋ ಇಲ್ಲವೋ ತೀರ್ಮಾನಿಸುವ ನಿಮ್ಮ ಪ್ರೋಗ್ರಾಂ ‘ಕರೆಂಟ್ ಇದೆ’ ಎಂದು ನಂಬುತ್ತದೆ. 10 ಕಿಲೋಓಮ್ ಮೇಲೆ ಅದು 0.3 ವೋಲ್ಟ್ ಮಾತ್ರ. ಡಿಸ್‌ಪ್ಲೇ ಅದೇ 5 ವೋಲ್ಟ್ ತಂತಿಯ ಮೇಲಿದ್ದರೆ ಅದೂ ಸ್ವಲ್ಪ ಕೆಳಗೆಳೆಯುತ್ತದೆ, ಆದರೆ ಅದನ್ನು ನೆಚ್ಚಬೇಡಿ. ಮೇಜಿನ ಮೇಲೆ ತಂಪಾಗಿರುವಾಗ ಎಲ್ಲ ಸರಿಯಾಗಿ ನಡೆದು, ಕಂಪ್ರೆಸರ್ ಪಕ್ಕದಲ್ಲಿ ಕೈಕೊಡುವ ದೋಷ ಇದು. ಹುಡುಕುವುದು ಬಹಳ ಕಷ್ಟ.

ಹಿಟ್ಟಿನಂಗಡಿ_ಪಿಂಪರಿ:

ಹೇಳಿದಂತೆ ಕಟ್ಟಿದೆ. ಚಾರ್ಜರ್ ಕಿತ್ತರೂ ನಿಲ್ಲದೆ ನಡೆಯುತ್ತಿದೆ, ಬಹಳ ಖುಷಿಯಾಯಿತು. ಆದರೆ ಮಲಗಿದಾಗ 150 ಮೈಕ್ರೊಆಂಪಿಯರ್ ಬದಲು 2.1 ಮಿಲಿಆಂಪಿಯರ್ ತೋರಿಸುತ್ತಿದೆ. ಎಸ್‌ಡಿ ಕಾರ್ಡ್‌ನ ಸಪ್ಲೈಯನ್ನು ಇನ್ನೊಂದು ಮಾಸ್‌ಫೆಟ್‌ನಿಂದ ಕತ್ತರಿಸಿದ್ದೇನೆ. ಇನ್ನೊಂದು ವಿಚಿತ್ರ, ನಡುನಡುವೆ 85 ಡಿಗ್ರಿ ಎಂದು ದಾಖಲಾಗುತ್ತಿದೆ.

ವಾಸ್ಕೋ_ಮಳೆಗಾಲ:

ಡಿಎಸ್3231 ಮಾಡ್ಯೂಲ್ ಮೇಲೆ ಪುಟ್ಟ ದೀಪ ಉರಿಯುತ್ತಿದೆಯೇ? ಆ ದೀಪಕ್ಕೆ 1 ಕಿಲೋಓಮ್ ಇರುತ್ತದೆ, 3.3 ವೋಲ್ಟ್‌ನಲ್ಲಿ ಅದೊಂದೇ 1.3 ಮಿಲಿಆಂಪಿಯರ್. ಕಿತ್ತುಹಾಕಿ. ಅದೇ ಮಾಡ್ಯೂಲ್‌ನಲ್ಲಿ 200 ಓಮ್ ಮತ್ತು ಒಂದು ಡಯೋಡ್ ಸೇರಿ ನಾಣ್ಯ ಸೆಲ್‌ಗೆ ಚಾರ್ಜ್ ಕೊಡುವ ದಾರಿ ಇದೆ. ಅದು ಎಲ್‌ಐಆರ್2032 ಎಂಬ ಚಾರ್ಜ್ ಆಗುವ ಸೆಲ್‌ಗಾಗಿ ಇಟ್ಟದ್ದು. ಸಾಮಾನ್ಯ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ, ಚಾರ್ಜ್ ಮಾಡಬಾರದ ಸೆಲ್‌ಗೆ ಚಾರ್ಜ್ ಹೋಗಿ ಅದು ಉಬ್ಬುತ್ತದೆ. ಈಗ ನೀವು 3.3ಕ್ಕೆ ಇಳಿಸಿದ್ದೀರಿ, ಅಪಾಯ ಕಡಿಮೆ. ಆದರೂ ಆ 200 ಓಮ್ ತೆಗೆದುಬಿಡಿ, ನಾಳೆ ಯಾರೋ ಆ ಮಾಡ್ಯೂಲನ್ನು ಬೇರೆ ಕಡೆ ಬಳಸಬಹುದು.

ಡೊಂಬಿವಲಿ_ಬೆಸುಗೆ:

ಉಳಿದದ್ದು ಎಸ್‌ಡಿ ಕಾರ್ಡ್‌ನ ಕಳ್ಳದಾರಿ. ಸಪ್ಲೈ ಕತ್ತರಿಸಿದರೂ ಡೇಟಾ ಪಿನ್‌ಗಳು ಮೇಲಿದ್ದರೆ, ಕಾರ್ಡ್‌ನ ರಕ್ಷಣಾ ಡಯೋಡ್‌ಗಳ ಮೂಲಕ ಅದಕ್ಕೆ ಶಕ್ತಿ ಹೋಗುತ್ತಲೇ ಇರುತ್ತದೆ. ಸಪ್ಲೈ ಕತ್ತರಿಸುವ ಮುನ್ನ ನಾಲ್ಕು ಪಿನ್‌ಗಳನ್ನೂ ಸೊನ್ನೆಗೆ ಇಳಿಸಿ. ಡಿಸ್‌ಪ್ಲೇ ಪಿನ್‌ಗಳಿಗೂ ಇದೇ ನಿಯಮ. ಬರೆಯುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ ಅವಸರ ಮಾಡಬೇಡಿ. ಕಾರ್ಡ್ ಒಂದು ಬರಹ ಮುಗಿಸಲು ಕೆಲವೊಮ್ಮೆ 250 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಸೆಲ್‌ಗಳು ಅಷ್ಟು ಹೊತ್ತು ಆರಾಮಾಗಿ ಹೊರುತ್ತವೆ. ಕಡತ ಮುಚ್ಚಿ, ಆಮೇಲೆ ಕತ್ತರಿಸಿ.

85 ಡಿಗ್ರಿ ಎಂಬುದು ಡಿಎಸ್18ಬಿ20 ಶಕ್ತಿ ಬಂದೊಡನೆ ಇಟ್ಟುಕೊಳ್ಳುವ ಮೊದಲ ಅಂಕಿ. ಪೂರ್ಣ ನಿಖರತೆಯ ಅಳತೆಗೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ನೀವು ಅದಕ್ಕೂ ಮುನ್ನ ಓದುತ್ತಿದ್ದೀರಿ, ಅಥವಾ ಸೆನ್ಸರ್‌ನ ಸಪ್ಲೈಯನ್ನೂ ನಡುವೆ ಕತ್ತರಿಸುತ್ತಿದ್ದೀರಿ.

ಹಿಟ್ಟಿನಂಗಡಿ_ಪಿಂಪರಿ:

ದೀಪ ತೆಗೆದ ಮೇಲೆ 0.8 ಮಿಲಿಆಂಪಿಯರ್, ಪಿನ್‌ಗಳನ್ನು ಇಳಿಸಿದ ಮೇಲೆ 160 ಮೈಕ್ರೊಆಂಪಿಯರ್! 85 ಕೂಡ ಮಾಯವಾಯಿತು, ಸಪ್ಲೈ ಕೊಟ್ಟ ಮೇಲೆ ಕಾಯುತ್ತಿರಲಿಲ್ಲ. ಬಜರ್ 30 ಮಿಲಿಆಂಪಿಯರ್ ಎಳೆಯುತ್ತದೆ, ಅದನ್ನು ಸೇರಿಸಬಹುದೇ?

ಕೊಥ್ರೂಡ್_ವಿದ್ಯಾರ್ಥಿ:

ನಿಮಿಷಕ್ಕೊಮ್ಮೆ 100 ಮಿಲಿಸೆಕೆಂಡ್ ಕೂಗಿಸಿದರೆ ಸರಾಸರಿ 50 ಮೈಕ್ರೊಆಂಪಿಯರ್. ಧಾರಾಳವಾಗಿ ಸೇರಿಸಬಹುದು. ಕರೆಂಟ್ ಹೋದ ತಕ್ಷಣ ಬೇಡ, ಒಳಗಿನ ತಾಪಮಾನ 8 ಡಿಗ್ರಿ ದಾಟಿದ ಮೇಲೆ ಕೂಗಲಿ. ಇಲ್ಲದಿದ್ದರೆ ಭಾವ ಮೊದಲ ವಾರವೇ ಬಜರ್ ಕಿತ್ತಾರು.

ವಾಸ್ಕೋ_ಮಳೆಗಾಲ:

ಒಪ್ಪಿಸುವ ಮುನ್ನ ಪರೀಕ್ಷೆಗಳು. ಪ್ಲಗ್ ಕಿತ್ತು ಹಾಕುವುದನ್ನು ಎಲ್ಲರೂ ಮಾಡುತ್ತಾರೆ. ಅದರ ಜೊತೆಗೆ, ಹೊಂದಿಸಬಹುದಾದ ಸಪ್ಲೈ ಸಿಕ್ಕರೆ ಸೆಲ್‌ಗಳ ಜಾಗಕ್ಕೆ ಅದನ್ನು ಕೊಟ್ಟು 4.5ರಿಂದ ಸೊನ್ನೆಯವರೆಗೆ ನಿಧಾನವಾಗಿ ಇಳಿಸಿ, ಹಾಗೆಯೇ ನಿಧಾನವಾಗಿ ಏರಿಸಿ. ಸೆಲ್ ಸಾಯುವುದು ಹಾಗೆ, ತಟ್ಟನೆ ಅಲ್ಲ. ವೋಲ್ಟೇಜ್ ಸಾಲದ ಸ್ಥಿತಿಯಲ್ಲಿ ಚಿಪ್ ದಿಕ್ಕು ತಪ್ಪಿ ಇಇಪ್ರಾಮ್ ಮೇಲೆ ಕಂಡದ್ದು ಬರೆಯಬಹುದು. ಬ್ರೌನ್-ಔಟ್ ಮಿತಿಯನ್ನು, ಅಂದರೆ ವೋಲ್ಟೇಜ್ ಅದಕ್ಕಿಂತ ಇಳಿದರೆ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ಕಾವಲನ್ನು, 2.7 ವೋಲ್ಟ್‌ಗೆ ಇಡಿ. ಅದು ಸುಮಾರು 20 ಮೈಕ್ರೊಆಂಪಿಯರ್ ತಿನ್ನುತ್ತದೆ, 328ಪಿ ಚಿಪ್‌ನಲ್ಲಿ ಮಲಗುವಾಗ ಮಾತ್ರ ಅದನ್ನು ನಿಲ್ಲಿಸಿಡಲು ಅವಕಾಶವಿದೆ. ಎಚ್ಚರವಾಗಿ ಬರೆಯುವಾಗ ಅದು ಕಾವಲಿರಲೇಬೇಕು.

ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯಿರಿ, ಒಣಗಿದ ಮೇಲೆ ರಕ್ಷಣಾ ಲೇಪ ಹಚ್ಚಿ. ಜುಲೈನ ತೇವದಲ್ಲಿ ಫ್ಲಕ್ಸ್‌ನ ಅಂಟಿನ ಮೇಲೆ ಹರಿಯುವ ಸೋರಿಕೆ ನೀವು ಇಷ್ಟು ಕಷ್ಟಪಟ್ಟು ಉಳಿಸಿದ ಮೈಕ್ರೊಆಂಪಿಯರ್‌ಗಳನ್ನು ನುಂಗಿಬಿಡುತ್ತದೆ. ಫ್ರಿಜ್ ಬಾಗಿಲ ಪಕ್ಕದಲ್ಲಿ ಪೆಟ್ಟಿಗೆ ಇಟ್ಟರೆ ಒಳಗೆ ಹನಿ ಕಟ್ಟುತ್ತದೆ, ಅರ್ಧ ಮೀಟರ್ ಆಚೆ ಇಡಿ.

ಗ್ರಾಂಟ್‌ರೋಡ್_ಬಿಡಿಭಾಗ:

ಸೆನ್ಸರ್ ಎಲ್ಲಿಟ್ಟಿದ್ದೀರಿ? ಗಾಳಿಯಲ್ಲಿ ನೇತಾಡುತ್ತಿದ್ದರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಜಿಗಿಯುತ್ತದೆ. ನಿಮಗೆ ಬೇಕಾದದ್ದು ಹಿಟ್ಟಿನ ತಾಪಮಾನ. ಹಿಟ್ಟಿನ ಪೊಟ್ಟಣದಷ್ಟೇ ನೀರು ಹಿಡಿಯುವ ಬಾಟಲಿಯಲ್ಲಿ, ನೀರಿನ ನಡುವೆ ಸೆನ್ಸರ್ ಮುಳುಗಿಸಿ ಪೊಟ್ಟಣಗಳ ಮಧ್ಯೆ ಇಡಿ. ಜಲನಿರೋಧಕ ಉಕ್ಕಿನ ಕೊಳವೆಯ ಬಗೆಯೇ ಆಗಿರಲಿ.

ಹಿಟ್ಟಿನಂಗಡಿ_ಪಿಂಪರಿ:

ಗಾಳಿಯಲ್ಲೇ ಇತ್ತು, ಇವತ್ತೇ ಬಾಟಲಿಗೆ ಇಳಿಸುತ್ತೇನೆ. ಸೆಲ್‌ಗಳು ಮುಗಿಯುತ್ತಾ ಬಂದವು ಎಂದು ತಿಳಿಯುವುದು ಹೇಗೆ?

ಡೊಂಬಿವಲಿ_ಬೆಸುಗೆ:

1 ಮೆಗಾಓಮ್ ಎರಡನ್ನು ಸರಣಿಯಲ್ಲಿಟ್ಟು ನಡುವಿನಿಂದ ಅಳೆಯಿರಿ, ಅಲ್ಲೊಂದು 100 ನ್ಯಾನೊಫ್ಯಾರಡ್ ಇರಲಿ. ಅದು ತಿನ್ನುವುದು 2 ಮೈಕ್ರೊಆಂಪಿಯರ್ ಚಿಲ್ಲರೆ. ಸುಮ್ಮನಿರುವ ಸೆಲ್ ಸುಳ್ಳು ಹೇಳುತ್ತದೆ, ಬಜರ್ ಕೂಗುವಾಗ ಅಳೆಯಿರಿ. ಮೂರು ಸೇರಿ 3.9 ವೋಲ್ಟ್‌ಗಿಂತ ಕೆಳಗಿಳಿದರೆ ಡಿಸ್‌ಪ್ಲೇಯಲ್ಲಿ ‘ಸೆಲ್ ಬದಲಿಸಿ’ ಎಂದು ಕನ್ನಡದಲ್ಲೇ ಬರಲಿ. ಆ ಡಿಸ್‌ಪ್ಲೇಗೆ ಎಂಟು ಅಕ್ಷರಗಳನ್ನು ನಾವೇ ಚುಕ್ಕಿ ಇಟ್ಟು ಬರೆದುಕೊಳ್ಳುವ ಅವಕಾಶ ಇದೆ, ಅಷ್ಟು ಸಾಕಾಗುತ್ತದೆ. ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಲು ಹೇಳಿ, ಹಳೆಯದು ಹೊಸದು ಬೆರೆಸಬಾರದು.